ಚಿಟಿಕೆ ನಸ್ಯಕ್ಕೊಂದು ಚಿತ್ತಾರದ ಬುಡ್ಡಿ

ನಸ್ಯ ಏರಿಸುವವರು ಈಗ ಅಪರೂಪವಾಗಿದ್ದಾರೆ. ಹಳ್ಳಿಯ ಕಟ್ಟೆಯ ಮೇಲೆ ಕುಳಿತು, ಸೊಂಟದ ಸಂಚಿಯಿಂದ ಪುಟ್ಟ ಡಬ್ಬಿಯೊಂದನ್ನು ತೆಗೆದು, ಅದರ ಮುಚ್ಚಳದ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿ, ಚಿಟಿಕೆ ಪುಡಿಯನ್ನು ಮೂಗಿಗೇರಿಸಿ, ಆಮೇಲೆ ಜಗತ್ತಿನ ವ್ಯವಹಾರಕ್ಕೆ ಮರಳುವ ಹಿರಿಯರು ಒಂದು ಕಾಲಕ್ಕೆ ಊರೂರಲ್ಲಿ ಇದ್ದರು. ಮೈಸೂರು ಸೀಮೆಯಲ್ಲಿ ಇದು ನಸ್ಯ. ಉತ್ತರ ಕರ್ನಾಟಕದಲ್ಲಿ ತಪಕೀರು. ಮೊದಲು ಬೀಡಿ, ಸಿಗರೇಟು, ಆಮೇಲೆ ಗುಟ್ಕಾ ಇದರ ಜಾಗವನ್ನು ಆಕ್ರಮಿಸಿದವು. ನಸ್ಯ ಹೋದದ್ದಕ್ಕೆ ಕಣ್ಣೀರಿಡಬೇಕಾದ್ದೇನೂ ಇಲ್ಲ, ಅದೂ ತಂಬಾಕೇ. ಆದರೆ ಅದರ ಜೊತೆಗೆ ಹೋದ ಡಬ್ಬಿಗಳ ವಿಷಯ ಬೇರೆ. ನಮ್ಮಲ್ಲಿ ಅವು ಗುಜರಿಗೆ ಸೇರಿದವು. ಫ್ರಾನ್ಸಿನ ಒಂದು ಮೂಲೆಯಲ್ಲಿ ರೈತರೂ ಬೆಸ್ತರೂ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ ಮಣ್ಣಿನ ನಸ್ಯದ ಬುಡ್ಡಿಗಳನ್ನು ಇಂದು ಜನ ಹುಡುಕಿ ಹುಡುಕಿ ಕೂಡಿಡುತ್ತಾರೆ, ಹರಾಜಿನಲ್ಲಿ ಕೊಳ್ಳುತ್ತಾರೆ, ಅವುಗಳ ಮೇಲೆ ಪುಸ್ತಕ ಬರೆಯುತ್ತಾರೆ. ಈ ವ್ಯತ್ಯಾಸ ಹೇಗೆ ಬಂತು ಎಂಬುದನ್ನು ನೋಡಲು ಹೊರಟರೆ ದಾರಿ ನಮ್ಮ ಬಿಜಾಪುರದಿಂದಲೇ ಶುರುವಾಗುತ್ತದೆ ಎಂಬುದು ಸ್ವಾರಸ್ಯದ ಸಂಗತಿ.

ಹೊಗೆಸೊಪ್ಪು ಅಮೆರಿಕದ ಗಿಡ. ಪೋರ್ಚುಗೀಸರ ಹಡಗುಗಳಲ್ಲಿ ಅದು ಪಶ್ಚಿಮ ಕರಾವಳಿಗೆ ಬಂತು. ಅಲ್ಲಿಂದ ಒಳನಾಡಿಗೆ ಬಂದ ಮೇಲೆ ಅದರ ಬಗ್ಗೆ ನಮಗೆ ಸಿಗುವ ಮೊದಮೊದಲ ಸ್ಪಷ್ಟ ಬರವಣಿಗೆ ಅಸದ್ ಬೇಗ್ ಎಂಬ ಮೊಗಲ್ ಅಧಿಕಾರಿಯದು. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಮಗಳನ್ನು ಅಕ್ಬರನ ಮಗ ದಾನಿಯಾಲನಿಗೆ ಮದುವೆ ಮಾಡಿಸುವ ಕೆಲಸದ ಮೇಲೆ ಅವನು ಬಿಜಾಪುರಕ್ಕೆ ಬಂದಿದ್ದ. 1604ರ ಆಸುಪಾಸಿನ ಮಾತು. ರಾಯಚೂರು, ಮುದಗಲ್ಲು, ಮಸ್ಕಿ, ಸಿಂಧನೂರು, ಇಂದಿನ ವಳಕಮದಿನ್ನಿಯಂಥ ಹಳ್ಳಿಗಳಿರುವ ಎರಡು ಹೊಳೆಗಳ ನಡುವಿನ ಈ ಸೀಮೆಯೆಲ್ಲ ಆಗ ಅದೇ ಆದಿಲ್‌ಶಾಹಿಯ ಆಳ್ವಿಕೆಯಲ್ಲಿತ್ತು. ಅಸದ್ ಬೇಗ್ ಅಲ್ಲಿ ತಂಬಾಕನ್ನು ಕಂಡ; ಹಿಂದುಸ್ತಾನದಲ್ಲಿ ಅಂಥದ್ದನ್ನು ತಾನು ಕಂಡಿರಲಿಲ್ಲ ಎಂದು ಬರೆದಿದ್ದಾನೆ. ಒಂದಷ್ಟನ್ನು ಕೊಂಡ. ಬಾದಶಹನಿಗೆ ಬರಿಯ ಸೊಪ್ಪನ್ನು ಒಪ್ಪಿಸುವುದು ಹೇಗೆ? ಸುಮಾರು ಮೂರು ಮೊಳ ಉದ್ದದ, ಎರಡು ತುದಿಗೂ ರತ್ನ ಮತ್ತು ಮೀನಾಕಾರಿ ಕೆಲಸವಿದ್ದ ಕೊಳವೆ, ಬಾಯಿಗಿಡಲು ಯೆಮೆನ್ ದೇಶದ ಕೆಂಪುಕಲ್ಲಿನ ತುದಿ, ಬೆಂಕಿ ಇಡಲು ಬಂಗಾರದ ಕುಡಿಕೆ, ತಂಬಾಕು ತುಂಬಲು ಆದಿಲ್‌ಶಾಹ ಕೊಟ್ಟಿದ್ದ ಎಲೆಯಡಿಕೆಯ ಚೀಲ, ಇಷ್ಟನ್ನೂ ಬೆಳ್ಳಿಯ ತಟ್ಟೆಯಲ್ಲಿ ಜೋಡಿಸಿ ಆಗ್ರಾದಲ್ಲಿ ಅಕ್ಬರನ ಮುಂದಿಟ್ಟ. ಅಕ್ಬರ್ ಎರಡು ಮೂರು ಬಾರಿ ಸೇದಿದ. ವೈದ್ಯ ತಡೆದ. ಗುರುತಿಲ್ಲದ ಈ ವಸ್ತು ನಮ್ಮ ಗ್ರಂಥಗಳಲ್ಲಿಲ್ಲ ಎಂಬುದು ಆತನ ವಾದ. ಪರಂಗಿಯವರು ತಿಳಿಯದೆ ಬಳಸುತ್ತಾರೆಯೇ ಎಂಬುದು ಅಸದ್ ಬೇಗನ ವಾದ. ಬಾದಶಹ ಮತ್ತೆ ಸೇದಲಿಲ್ಲ. ಆದರೆ ಅಸದ್ ಬೇಗ್ ಹೊತ್ತು ತಂದಿದ್ದ ಉಳಿದ ಸರಕು ಅಮೀರರಿಗೆಲ್ಲ ಹಂಚಿಹೋಯಿತು, ಎಲ್ಲರೂ ಬೇಕೆಂದರು, ವ್ಯಾಪಾರಿಗಳು ಮಾರತೊಡಗಿದರು. 1617ರಲ್ಲಿ ಜಹಾಂಗೀರ್ ನಿಷೇಧ ಹೊರಡಿಸುವಷ್ಟರ ಮಟ್ಟಿಗೆ ಚಟ ಹರಡಿತ್ತು. ನಿಷೇಧ ಏನಾಯಿತೆಂದು ಬೇರೆ ಹೇಳಬೇಕಿಲ್ಲ.

ಈ ಪ್ರಸಂಗದಲ್ಲಿ ಗಮನಿಸಬೇಕಾದದ್ದು ತಂಬಾಕಿಗಿಂತ ಅದರ ಪಾತ್ರೆ. ಸೊಪ್ಪು ಎಲ್ಲರದೂ ಒಂದೇ. ಅದನ್ನು ಯಾವುದರಲ್ಲಿ ತುಂಬಿಕೊಳ್ಳುತ್ತೀರಿ ಎಂಬುದರಲ್ಲಿ ಅಂತಸ್ತು ಇರುತ್ತದೆ. ದಖ್ಖನ್ನಿನಲ್ಲಿ ಹುಕ್ಕಾ ಬಂದದ್ದೇ ತಡ, ಬೀದರಿನ ಕುಶಲಿಗಳು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಹಳೆಯ ಮಣ್ಣಿನಿಂದ ಕಪ್ಪು ಬರಿಸಿ ಹುಕ್ಕಾದ ಬುಡಗಳನ್ನು ಮಾಡಿದರು. ಹದಿನೇಳು, ಹದಿನೆಂಟನೆಯ ಶತಮಾನದ ಆ ಬುಡಗಳು ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿಯೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್‌ನಲ್ಲಿಯೂ ಗಾಜಿನ ಹಿಂದೆ ಇವೆ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಬಿದ್ರಿ ಸಾಮಾನು ಕಂಡು ಇಂಗ್ಲಿಷರು ಬೆರಗಾದದ್ದು ಅದಕ್ಕೆ ಒಂದು ಕಾರಣ. ಅಮೀರರ ತಂಬಾಕಿನ ಪಾತ್ರೆ ಹೀಗೆ ಉಳಿದುಕೊಂಡಿತು.

ಇನ್ನು ನಸ್ಯಕ್ಕೆ ಬರೋಣ. ಪದ ಹಳೆಯದು, ತಂಬಾಕಿಗಿಂತ ಬಹಳ ಹಳೆಯದು. ಆಯುರ್ವೇದದ ಪಂಚಕರ್ಮಗಳಲ್ಲಿ ನಸ್ಯವೂ ಒಂದು. ಮೂಗಿನ ಮೂಲಕ ಎಣ್ಣೆಯನ್ನೋ ಪುಡಿಯನ್ನೋ ಕೊಡುವ ಚಿಕಿತ್ಸೆ. ಹೊಸ ಚಟ ಹಳೆಯ ಔಷಧದ ಹೆಸರನ್ನು ಹೊದ್ದುಕೊಂಡು ಮನೆಯೊಳಗೆ ಬಂತು. ಫ್ರಾನ್ಸಿನಲ್ಲಿ ನಡೆದದ್ದೂ ಇದೇ. ಲಿಸ್ಬನ್ನಿನಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದ ಝಾನ್ ನಿಕೋ 1560ರಲ್ಲಿ ತಂಬಾಕನ್ನು ತನ್ನ ದೇಶದ ರಾಜಮಾತೆ ಕ್ಯಾಥರೀನ್ ದ ಮೆಡಿಚಿಗೆ ಕಳಿಸಿದ. ಅದು ತಲೆನೋವಿಗೆ ಮದ್ದು ಎಂದು ಹೆಸರಾಯಿತು. ಆ ರಾಯಭಾರಿಯ ಹೆಸರೇ ನಿಕೋಟಿನ್ ಆಗಿ ಇಂದಿಗೂ ನಮ್ಮ ಬಾಯಲ್ಲಿದೆ.

ಫ್ರಾನ್ಸಿನಲ್ಲಿ 1674ರಿಂದ ತಂಬಾಕಿನ ಮಾರಾಟ ಸರ್ಕಾರದ ಗುತ್ತಿಗೆಗೆ ಒಳಪಟ್ಟಿತು. ಎಲೆಗಳನ್ನು ಹೊಸೆದು ಬಿಗಿದು ಗಜ್ಜರಿಯ ಆಕಾರದ ಉಂಡೆಯಾಗಿ ಮಾರುತ್ತಿದ್ದರು. ಕೊಂಡವರು ಅದನ್ನು ಮನೆಯಲ್ಲಿ ತುರಿದುಕೊಳ್ಳಬೇಕು. ಅದಕ್ಕೆಂದೇ ದಂತದ, ಮರದ ಪುಟ್ಟ ತುರಿಯುವ ಮಣೆಗಳು ಹುಟ್ಟಿದವು. ಕೊಬ್ಬರಿ ತುರಿಯುವ ನಮ್ಮ ಹೆರೆಮಣೆಯ ಬಡಕಲು ತಂಗಿ ಎನ್ನಬಹುದು. ತುರಿದ ಪುಡಿಗೆ ಡಬ್ಬಿ ಬೇಕು. ಅರಮನೆಯ ಡಬ್ಬಿಗಳು ಬಂಗಾರದವು, ಸೆವ್ರ್ ಪಿಂಗಾಣಿಯವು, ಮುಚ್ಚಳದ ಮೇಲೆ ರಾಜನ ಕಿರುಚಿತ್ರವಿದ್ದವು. ಪ್ರಷ್ಯಾದ ದೊರೆ ಫ್ರೆಡ್ರಿಕ್ ಇಂಥ ಡಬ್ಬಿಗಳನ್ನು ನೂರುಗಟ್ಟಲೆ ಕೂಡಿಹಾಕಿದ್ದ. 1759ರ ಕುನರ್ಸ್‌ಡಾರ್ಫ್ ಕಾಳಗದಲ್ಲಿ ಒಂದು ಡಬ್ಬಿ ಗುಂಡನ್ನು ತಡೆದು ಅವನ ಜೀವ ಉಳಿಸಿತೆಂದು ಹೇಳುತ್ತಾರೆ. ಡಬ್ಬಿಯನ್ನು ತೆರೆಯುವುದು, ಎದುರಿನವನಿಗೆ ನೀಡುವುದು, ಮುಚ್ಚುವುದು, ಇದೆಲ್ಲ ದರ್ಬಾರಿನ ಶಿಷ್ಟಾಚಾರದ ಭಾಗವಾಗಿತ್ತು. ನಮ್ಮಲ್ಲಿ ತಾಂಬೂಲದ ತಟ್ಟೆಗೆ ಇದ್ದ ಸ್ಥಾನ ಅಲ್ಲಿ ನಸ್ಯದ ಡಬ್ಬಿಗಿತ್ತು.

ಹೊಲದಲ್ಲಿ, ದೋಣಿಯಲ್ಲಿ ದುಡಿಯುವವನಿಗೆ ಈ ಡಬ್ಬಿ ಒದಗುವುದಿಲ್ಲ. ಗಾಳಿಗೆ ಪುಡಿ ಹಾರುತ್ತದೆ, ಮಳೆಗೆ ನೆನೆಯುತ್ತದೆ, ಒರಟು ಬೆರಳು ಅದರೊಳಗೆ ಹೋಗುವುದೂ ಇಲ್ಲ. ಫ್ರಾನ್ಸಿನ ಪಡುವಣ ತುದಿಯಲ್ಲಿ, ಅಟ್ಲಾಂಟಿಕ್ ಸಮುದ್ರಕ್ಕೆ ಚಾಚಿಕೊಂಡಿರುವ ಬ್ರಿಟ್ಟನಿ ಪ್ರಾಂತದ ಜನ ಇದಕ್ಕೆ ಕಂಡುಕೊಂಡ ಉಪಾಯವೇ ಬುಡ್ಡಿ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ಜೇಬಿನಲ್ಲಿ ಉಬ್ಬದಂತೆ ಚಪ್ಪಟೆ, ಸಣ್ಣ ಬಾಯಿ, ಬಾಯಿಗೊಂದು ಬಿರಡೆ. ಬಿರಡೆ ತೆಗೆದು ಬುಡ್ಡಿಯನ್ನು ಕುಲುಕಿ ಮುಂಗೈಯ ಮೇಲೆ ಪುಡಿ ಉದುರಿಸಿಕೊಂಡು ಮೂಗಿಗೆ ಏರಿಸುವುದು. ಕುಲುಕು ಎಂಬ ಅರ್ಥದ ಫ್ರೆಂಚ್ ಕ್ರಿಯಾಪದದಿಂದಲೇ ಅದಕ್ಕೆ ಸೆಕೂವೆಟ್ ಎಂಬ ಹೆಸರು. ಕೆಲವು ಹೃದಯದ ಆಕಾರದವು, ಕೆಲವು ಪುಟ್ಟ ಪುಸ್ತಕದ ಆಕಾರದವು, ಇನ್ನು ಕೆಲವು ನಡುವೆ ತೂತಿರುವ ಬಳೆಯಂಥವು, ಹೆಚ್ಚುಕಡಿಮೆ ನಮ್ಮ ಕೋಡುಬಳೆಯಂತೆ.

ಇವು ಬಹುಮಟ್ಟಿಗೆ ತಯಾರಾದದ್ದು ಕೆಂಪೇರ್ ಎಂಬ ಪಟ್ಟಣದಲ್ಲಿ. ಅಲ್ಲಿನ ಲೊಕ್ಮಾರಿಯಾ ಎಂಬ ಕೇರಿಯಲ್ಲಿ ಝಾನ್ ಬತೀಸ್ತ್ ಬುಸ್ಕೆ ಎಂಬ ದಕ್ಷಿಣ ಫ್ರಾನ್ಸಿನ ಕುಂಬಾರ 1690ರಲ್ಲಿ ಆವಿಗೆ ಹೂಡಿದನೆಂಬುದು ಅಲ್ಲಿಯವರು ಹೇಳಿಕೊಂಡು ಬಂದ ಲೆಕ್ಕ. ನೆವೇರ್ ಊರಿನ ಒಂದು ಕುಂಬಾರ ಮನೆತನ, ರುವಾಂ ಊರಿನ ಇನ್ನೊಂದು ಮನೆತನ ಮದುವೆಯ ನಂಟಿನಿಂದ ಇಲ್ಲಿಗೆ ಬಂದು ಸೇರಿದವು. ಆ ಎರಡು ಊರುಗಳ ಬಣ್ಣ, ಬಳ್ಳಿ, ಅಂಚುಗಳು ಬೀಗರ ಜೊತೆಯಲ್ಲೇ ಬಂದವು ಎನ್ನಬೇಕು. ಕಲೆಯ ಚರಿತ್ರೆಯಲ್ಲಿ ಪ್ರಭಾವ, ಪ್ರೇರಣೆ ಎಂಬ ದೊಡ್ಡ ಮಾತುಗಳನ್ನು ಬಳಸುತ್ತೇವೆ. ಎಷ್ಟೋ ಸಲ ಅದು ಹೀಗೆ ಕನ್ಯೆ ಕೊಟ್ಟು ತಂದ ಸಂಬಂಧವಾಗಿರುತ್ತದೆ.

ಮಣ್ಣಿನ ಮೇಲೆ ಈ ಚಿತ್ತಾರ ಬರೆಯುವ ಬಗೆ ತಿಳಿದರೆ ಅದರ ಬೆಲೆ ತಿಳಿಯುತ್ತದೆ. ಇದು ಪಿಂಗಾಣಿಯಲ್ಲ, ಸಾಧಾರಣ ಮಡಕೆಯ ಮಣ್ಣು. ಒಮ್ಮೆ ಸುಟ್ಟ ಬುಡ್ಡಿಯನ್ನು ತವರದ ಭಸ್ಮ ಬೆರೆಸಿದ ಗಾಜಿನ ತಿಳಿಯಲ್ಲಿ ಅದ್ದುತ್ತಾರೆ. ಒಣಗಿದಾಗ ಮೈಮೇಲೆ ಸುಣ್ಣದ ಹುಡಿಯಂಥ ಬಿಳಿಯ ಲೇಪ ಉಳಿಯುತ್ತದೆ. ಆ ಹುಡಿಯ ಮೇಲೆ ಕುಂಚ ಆಡಿಸಬೇಕು. ಹುಡಿ ಬಣ್ಣವನ್ನು ತಕ್ಷಣ ಹೀರಿಬಿಡುವುದರಿಂದ ಎಳೆದ ಗೆರೆಯನ್ನು ಅಳಿಸಿ ತಿದ್ದುವಂತಿಲ್ಲ. ಅಂಗಳದಲ್ಲಿ ರಂಗೋಲಿ ಎಳೆಯುವವರಿಗಿರುವ ಸಲಿಗೆಯೂ ಇಲ್ಲಿಲ್ಲ. ಬಣ್ಣಗಳೂ ಬೆರಳೆಣಿಕೆಯವು: ಕೋಬಾಲ್ಟಿನ ನೀಲಿ, ತಾಮ್ರದ ಹಸಿರು, ಆಂಟಿಮನಿಯ ಹಳದಿ, ಮ್ಯಾಂಗನೀಸಿನ ನೇರಳೆಗಪ್ಪು, ಕಬ್ಬಿಣದ ಕೆಂಪು. ಇಷ್ಟೇ ಬಣ್ಣಗಳು ಎರಡನೆಯ ಸುಡುವಿಕೆಯ ಸಾವಿರ ಡಿಗ್ರಿ ಸಮೀಪದ ಬೇಗೆಯನ್ನು ತಡೆದುಕೊಳ್ಳುತ್ತವೆ. ಇಟಲಿಯ ಫಾಯೆಂಜಾ ಊರಿನ ಹೆಸರಿನಿಂದ ಈ ಸಾಮಾನಿಗೆ ಫಾಯಾಂಸ್ ಎಂಬ ಹೆಸರು ಬಂದಿದೆ. ಬುಡ್ಡಿಗಳ ಮೇಲೆ ಹೂಗೊಂಚಲು, ಹುಂಜ, ಬ್ರಿಟ್ಟನಿಯ ಲಾಂಛನವಾದ ಕಪ್ಪು ಬೊಟ್ಟುಗಳು, ಕೆಲವದರ ಮೇಲೆ ಒಡೆಯನ ಹೆಸರು ಮತ್ತು ಇಸವಿ. ಅಗಲ ಟೋಪಿಯ ಬ್ರಿಟ್ಟನಿಯ ರೈತ ಮತ್ತು ಅವನ ಹೆಂಡತಿಯ ಚಿತ್ರಗಳು ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ.

ಆ ಚಿತ್ರ ಬಂದದ್ದಕ್ಕೆ ರೈಲು ಕಾರಣ. 1863ರಲ್ಲಿ ಕೆಂಪೇರ್‌ಗೆ ರೈಲು ಮುಟ್ಟಿತು, ಹಿಂದೆಯೇ ಪ್ರವಾಸಿಗಳು ಬಂದರು. ಅವರಿಗೆ ಊರಿಗೆ ಒಯ್ಯಲು ನೆನಪಿನ ವಸ್ತು ಬೇಕಿತ್ತು. ಹೀಗೆ ನಸ್ಯವನ್ನೇ ಕಾಣದ ನಸ್ಯದ ಬುಡ್ಡಿಗಳು ತಯಾರಾದವು. ಕೂಡಿಡುವವರಿಗೆ ಮೊದಲ ತೊಡಕು ಇಲ್ಲಿಯೇ. ಹೊಲದ ಜೇಬಿನಲ್ಲಿ ಸವೆದ ಬುಡ್ಡಿ ಯಾವುದು, ರೈಲು ನಿಲ್ದಾಣದ ಬಳಿ ಮಾರಿದ ಬುಡ್ಡಿ ಯಾವುದು? ಬುಡ್ಡಿಯ ಅಡಿಯ ಗುರುತು ಸ್ವಲ್ಪ ನೆರವಾಗುತ್ತದೆ. ಹದಿನೆಂಟನೆಯ ಶತಮಾನದವಕ್ಕೆ ಸಾಮಾನ್ಯವಾಗಿ ಗುರುತೇ ಇರುವುದಿಲ್ಲ. ಎಚ್ ಬಿ ಎಂಬ ಅಕ್ಷರಗಳು ಉಬೊದಿಯೇರ್ ಮತ್ತು ಬುಸ್ಕೆ ಮನೆತನಗಳನ್ನು ಸೂಚಿಸುತ್ತವೆ. ಎಚ್ ಆರ್ ಎಂದಿದ್ದರೆ ಆಂರಿಯೋ ಕಾರ್ಖಾನೆಯದು. 1922ರಿಂದೀಚೆಗೆ ಅದು ಹೆಸರನ್ನು ಪೂರ್ತಿಯಾಗಿ ಬರೆಯತೊಡಗಿತು. ಫ್ರಾನ್ಸ್ ಎಂಬ ಪದ ಕಂಡರೆ ಅದು ಪರದೇಶಕ್ಕೆಂದು ಹೊರಟ ಸರಕು ಎಂದು ಊಹಿಸಬಹುದು, ಏಕೆಂದರೆ ಹೊರಗಿನಿಂದ ಬರುವ ಸಾಮಾನಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂಬ ನಿಯಮವನ್ನು ಅಮೆರಿಕ 1891ರಲ್ಲಿ ತಂದಿತು. ಆದರೆ ಅಡಿಯ ಗುರುತನ್ನು ಯಾರು ಬೇಕಾದರೂ ಬರೆಯಬಹುದು. ಪ್ಯಾರಿಸಿನ ಸಾಂಸೋಂ ಕಾರ್ಖಾನೆ, ದೆವ್ರ್ ಊರಿನ ಫುರ್ಮಾಂತ್ರೋ ಮನೆತನ ಹಳೆಯ ಮಾದರಿಗಳ ನಕಲು ಮಾಡಿಯೇ ಹೆಸರಾದವು. ಆ ನಕಲುಗಳಿಗೂ ಈಗ ನೂರು ವರ್ಷ ದಾಟಿ, ಅವನ್ನೂ ಕೂಡಿಡುವವರು ಹುಟ್ಟಿದ್ದಾರೆ!

ಪಳಗಿದವರು ಗುರುತಿಗಿಂತ ಸವೆತವನ್ನು ನಂಬುತ್ತಾರೆ. ದಿನಕ್ಕೆ ಇಪ್ಪತ್ತು ಸಲ ಬಿರಡೆ ಕಿತ್ತ ಬಾಯಿಯ ಅಂಚು ಒಂದೇ ಕಡೆ ಸವೆದಿರುತ್ತದೆ. ಬಟ್ಟೆಗೆ ಉಜ್ಜಿದ ಉಬ್ಬಿನಲ್ಲಿ ಹೊಳಪು ಮಾಸಿರುತ್ತದೆ. ಚಕ್ಕೆ ಎದ್ದ ಕಡೆ ಕಾಣುವ ಮಣ್ಣಿಗೆ ಹಳೆಯ ಜಿಡ್ಡು ಇಳಿದಿರುತ್ತದೆ. ಬೇಕೆಂದೇ ಹಳೆಯದಾಗಿಸಿದ ವಸ್ತು ಎಲ್ಲ ಕಡೆಯೂ ಸಮನಾಗಿ ಹಳೆಯದಾಗಿರುತ್ತದೆ. ಬಳಕೆಯಿಂದ ಹಳೆಯದಾದದ್ದು ಹಾಗಿರುವುದಿಲ್ಲ.

ಮಣ್ಣಿನ ಮೇಲೆ ಕುಂಚ ಆಡಿಸುವುದು ನಮಗೇನೂ ಹೊಸದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 1954ರಲ್ಲಿ ಬಿ.ಕೆ. ಥಾಪರ್ ಅವರು ಮಸ್ಕಿಯಲ್ಲಿ ಅಗೆಸಿದಾಗ ಆದಿ ಚಾರಿತ್ರಿಕ ಕಾಲದ ಪದರಿನಲ್ಲಿ ಸಿಕ್ಕ ಮಡಕೆಗಳಲ್ಲಿ ಕೆಂಗಂದು ಲೇಪದ ಮೇಲೆ ಬಿಳಿಯ ಗೆರೆಗಳ ಚಿತ್ತಾರವಿದ್ದವು ಇದ್ದವು. ಸುಮಾರು ಎರಡು ಸಾವಿರ ವರ್ಷ ಹಿಂದಿನವು. ರಾಯಚೂರು ಸೀಮೆಯ ಎಷ್ಟೋ ಊರ ಹೆಸರುಗಳು ದಿನ್ನಿ ಎಂದು ಮುಗಿಯುತ್ತವೆ, ವಳಕಮದಿನ್ನಿಯೂ ಸೇರಿ. ದಿನ್ನಿ ಎಂದರೆ ದಿಬ್ಬ. ಹಳೆಯ ದಿಬ್ಬಗಳನ್ನು ಅಗೆಯುವವರು ಒಡೆದ ಬೋಕಿಯ ಚೂರನ್ನೂ ಯಾವ ಪದರಿನದು ಎಂದು ಚೀಟಿ ಕಟ್ಟಿ ಇಡುತ್ತಾರೆ. ಎರಡು ಸಾವಿರ ವರ್ಷದ ಬೋಕಿಗೆ ಸಿಕ್ಕ ಈ ಮರ್ಯಾದೆ ಎಂಬತ್ತು ವರ್ಷದ ಹಿಂದೆ ಅದೇ ಊರಿನಲ್ಲಿ ಬಳಕೆಯಲ್ಲಿದ್ದ ವಸ್ತುವಿಗೆ ಸಿಗುವುದಿಲ್ಲ.

ಫ್ರೆಂಚರಿಗೂ ನಮ್ಮ ಸೀಮೆಗೂ ನಂಟು ಇರಲಿಲ್ಲವೆಂದಲ್ಲ. 1751ರಿಂದ 1758ರವರೆಗೆ ಬುಸ್ಸಿ ಎಂಬ ಫ್ರೆಂಚ್ ಸೇನಾನಿ ನಿಜಾಮನ ದರ್ಬಾರಿನ ಸೂತ್ರ ಹಿಡಿದಿದ್ದ. 1750ರಿಂದ 1759ರವರೆಗೆ ಮಚಲೀಪಟ್ಟಣ ಫ್ರೆಂಚರ ಕೈಯಲ್ಲಿತ್ತು. ಮುಂದೆ ಅದೇ ಬಂದರಿನ ಹೆಸರು ಹೊತ್ತ ನಸ್ಯ ಲಂಡನ್ನಿನ ಅಂಗಡಿಗಳಲ್ಲಿ ಪ್ರಸಿದ್ಧವಾಯಿತು. ಹೈದರಾಬಾದಿನಲ್ಲಿ 1798ರಲ್ಲಿ ತೀರಿಕೊಂಡ ಫ್ರೆಂಚ್ ದಳಪತಿ ರೇಮಂಡನ ಸಮಾಧಿ ಇಂದಿಗೂ ಇದೆ. ಆದರೆ ಫ್ರಾನ್ಸಿನ ಕುಸುರಿ ಸಾಮಾನು ರಾಶಿರಾಶಿಯಾಗಿ ದಖ್ಖನ್ನಿಗೆ ಬಂದದ್ದು ಯುದ್ಧದಿಂದಲ್ಲ, ಒಬ್ಬ ಮನುಷ್ಯನ ಹವ್ಯಾಸದಿಂದ. ಮೀರ್ ಯೂಸುಫ್ ಅಲಿ ಖಾನ್, ಅಂದರೆ ಮೂರನೆಯ ಸಾಲಾರ್ ಜಂಗ್, ಹುಟ್ಟಿದ್ದು 1889ರಲ್ಲಿ. 1912ರಲ್ಲಿ ನಿಜಾಮನ ದಿವಾನನಾದ, ಎರಡು ವರ್ಷಕ್ಕೆ ಅಧಿಕಾರ ಬಿಟ್ಟ. ಮದುವೆಯಾಗಲಿಲ್ಲ. ಉಳಿದ ಆಯುಷ್ಯವನ್ನೂ ಹಣವನ್ನೂ ವಸ್ತುಗಳನ್ನು ಕೊಳ್ಳುವುದಕ್ಕೆ ಸುರಿದ. ಸೆವ್ರ್ ಪಿಂಗಾಣಿ, ಫ್ರೆಂಚ್ ಪೀಠೋಪಕರಣ, ಗಡಿಯಾರ, ದಂತ, ಗಾಜು, ಬಿದ್ರಿ, ಹಸ್ತಪ್ರತಿ, ಯಾವುದನ್ನೂ ಬಿಡಲಿಲ್ಲ. 1951ರ ಡಿಸೆಂಬರಿನಲ್ಲಿ ನೆಹರೂ ಅವರು ಉದ್ಘಾಟಿಸಿದ ಸಾಲಾರ್ ಜಂಗ್ ವಸ್ತುಸಂಗ್ರಹಾಲಯ ಅದೇ. ಈಗಿನ ಕಟ್ಟಡಕ್ಕೆ ಅದು ಬಂದದ್ದು 1968ರಲ್ಲಿ.

ಆ ಹಣದ ಒಂದು ಮೂಲ ನಮ್ಮ ಓದುಗರಿಗೆ ತಿಳಿದಿರಬೇಕು. ಹಳೆಯ ರಾಯಚೂರು ಜಿಲ್ಲೆಯ ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದವು. ಬೇರೆಡೆಯೂ ಅವರಿಗೆ ಜಹಗೀರುಗಳಿದ್ದವು, ಅದು ನಿಜ. ಆದರೂ ಸಿಂಧನೂರಿನ ಪಡುವಣಕ್ಕಿರುವ ಆ ಎರೆ ಮತ್ತು ಮಸಾರಿ ಹೊಲಗಳ ಜೋಳದ ಕಂದಾಯ ಹೈದರಾಬಾದಿನ ದೇವಡಿಗೆ ಹೋಗುತ್ತಿತ್ತು. ಆ ದೇವಡಿಯ ಬೊಕ್ಕಸದಿಂದ ಫ್ರಾನ್ಸಿನ ಪಿಂಗಾಣಿಗೆ ಹಣ ಸಂದಾಯವಾಗುತ್ತಿತ್ತು. ಸಂಗ್ರಹಾಲಯದ ಸಾಲು ಸಾಲು ಕಪಾಟುಗಳ ಮುಂದೆ ನಿಂತು ಬೆರಗಾಗುವ ಕೊಪ್ಪಳದ ರೈತನಿಗೆ ಅದರಲ್ಲಿ ತನ್ನ ಮುತ್ತಜ್ಜನ ಪಾಲೂ ಇದೆ ಎಂದು ಯಾವ ಫಲಕವೂ ಹೇಳುವುದಿಲ್ಲ. ಸಾಲಾರ್ ಜಂಗ್ ತೀರಿಕೊಂಡದ್ದು 1949ರ ಮಾರ್ಚಿನಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ ಜಹಗೀರುಗಳು ರದ್ದಾದವು. ಆತನನ್ನು ದೂರುವುದು ನನ್ನ ಉದ್ದೇಶವಲ್ಲ. ಜಹಗೀರುದಾರರು ಬಹಳ ಮಂದಿ ಇದ್ದರು, ಊರಿಗೆಲ್ಲ ಕಾಣುವಂಥದ್ದನ್ನು ಬಿಟ್ಟುಹೋದವರು ಕೆಲವರೇ. ಆದರೆ ಫ್ರಾನ್ಸಿನ ಅರಮನೆಯ ವಸ್ತು ಇಲ್ಲಿ ಉಳಿಯಲು ದುಡ್ಡು ಕೊಟ್ಟ ರೈತನ ಸ್ವಂತ ವಸ್ತುಗಳು ಎಲ್ಲಿ ಎಂದು ಕೇಳಬೇಕಾಗುತ್ತದೆ.

ಅವು ಏನೇನಿದ್ದವು? ಹಿತ್ತಾಳೆಯ ಸುತ್ತು ಮುಚ್ಚಳದ ಡಬ್ಬಿ, ಬೆಳ್ಳಿಯ ಡಬ್ಬಿ, ಕೊಂಬಿನದು, ಮರದ್ದು. ಬಿಲ್ವದ ಕಾಯಿಯ ತಿರುಳು ತೆಗೆದು ಗಟ್ಟಿ ಕರಟವನ್ನು ನಯಮಾಡಿ ಮಾಡಿದ ಡಬ್ಬಿಗಳೂ ಬಳಕೆಯಲ್ಲಿದ್ದವು. ಒಣಗಿದ ಬಾಳೆಪಟ್ಟೆಯಲ್ಲಿ ನಸ್ಯ ಕಟ್ಟಿಕೊಡುವುದು ಅಂಗಡಿಗಳ ಪದ್ಧತಿಯಾಗಿತ್ತು. ಪಟ್ಟೆ ಪುಡಿಯ ಹದವನ್ನು ಕಾಯುತ್ತಿತ್ತು. ಎಲೆಯಡಿಕೆಯ ಸಂಚಿ, ಸುಣ್ಣದ ಡಬ್ಬಿ, ನಸ್ಯದ ಡಬ್ಬಿ ಒಂದೇ ಕುಟುಂಬದವು. ಬ್ರಿಟ್ಟನಿಯ ಬುಡ್ಡಿಯ ಮೇಲೆ ಒಡೆಯನ ಹೆಸರಿದ್ದಂತೆ ನಮ್ಮಲ್ಲಿಯೂ ಪಾತ್ರೆಗೆ ಹೆಸರು ಹಾಕಿಸುವ ರೂಢಿ ಇತ್ತಲ್ಲವೆ? ಮದುವೆಯ ಕೊಡಪಾನದ ಮೇಲೆ ಚುಕ್ಕೆ ಚುಕ್ಕೆಯಾಗಿ ಕುಟ್ಟಿಸಿದ ಹೆಸರು, ಊರು, ಇಸವಿ ಒಂದು ಸಣ್ಣ ಶಾಸನವೇ. ಹಳೆಯ ಹಿತ್ತಾಳೆಯನ್ನು ಕಿಲೋ ಲೆಕ್ಕದಲ್ಲಿ ಹಾಕಿ ಸ್ಟೀಲು ತಂದ ಮನೆಗಳೆಷ್ಟೋ. ಅದು ತಪ್ಪೆಂದು ಹೇಳಲು ಬಾಯಿ ಬರುವುದಿಲ್ಲ. ಹಿತ್ತಾಳೆ ಬೆಳಗಿದ ಕೈಗಳಿಗೆ ಸ್ಟೀಲು ಬಿಡುವು ಕೊಟ್ಟಿತು.

ಕೂಡಿಟ್ಟವರು ನಮ್ಮಲ್ಲೂ ಇದ್ದಾರೆ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ಧರ್ಮಸ್ಥಳದ ಮಂಜೂಷಾ, ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿ 1994ರಲ್ಲಿ ತೆರೆದ ಜಾನಪದ ಲೋಕ, ಇವುಗಳಲ್ಲಿ ದಿನಬಳಕೆಯ ವಸ್ತುಗಳಿಗೆ ಜಾಗ ಸಿಕ್ಕಿದೆ. ಮೂರೂ ಇರುವುದು ದಕ್ಷಿಣದಲ್ಲಿ. ರಾಯಚೂರಿನ ನವರಂಗ ದರ್ವಾಜಾದ ಸಂಗ್ರಹದಲ್ಲಿ ಪ್ರಾಮುಖ್ಯ ಶಿಲ್ಪಗಳಿಗೆ. ಮಸ್ಕಿಯಲ್ಲಿ ಅಶೋಕನ ಹೆಸರಿರುವ ಶಾಸನ 1915ರಲ್ಲಿ ಸಿಕ್ಕ ಮೇಲೆ ಈ ಸೀಮೆಯ ಹಳೆಯದೆಂದರೆ ಕಲ್ಲು ಎಂಬ ಭಾವನೆ ಬಲಿತಿದೆ. ತಪಕೀರಿನ ಡಬ್ಬಿ ಹಳೆಯ ವಸ್ತುವೆಂದು ಯಾರಿಗೂ ತೋಚುವುದಿಲ್ಲ.

ಕಾನೂನಿಗೆ ಮಾತ್ರ ತೋಚಿದೆ. 1972ರಲ್ಲಿ ಅಂಗೀಕಾರವಾಗಿ 1976ರ ಏಪ್ರಿಲಿನಿಂದ ಜಾರಿಯಲ್ಲಿರುವ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕುಶಲಕಲೆಯ ವಸ್ತು ಪ್ರಾಚ್ಯವಸ್ತು ಎನಿಸಿಕೊಳ್ಳಬಹುದು. ಹಸ್ತಪ್ರತಿಗಳಿಗಾದರೆ ಎಪ್ಪತ್ತೈದು ವರ್ಷ ಸಾಕು. ಅಂಥದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. 1920ರ ಇಸವಿ ಕುಟ್ಟಿಸಿರುವ ಅಜ್ಜನ ಕುಸುರಿಯ ಬೆಳ್ಳಿ ಡಬ್ಬಿಯನ್ನು ಮೊಮ್ಮಗ ಅಮೆರಿಕಕ್ಕೆ ಕೊಂಡೊಯ್ಯಬೇಕೆಂದರೆ, ಇದು ಪ್ರಾಚ್ಯವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಕೇಳಬೇಕಾಗಬಹುದು. ಅದೇ ಡಬ್ಬಿಯನ್ನು ಊರಿನ ಗುಜರಿಯವನ ತಕ್ಕಡಿಗೆ ಹಾಕಲು ಯಾವ ಪ್ರಮಾಣಪತ್ರವನ್ನೂ ಯಾರೂ ಕೇಳುವುದಿಲ್ಲ.